ಭಾವನ ಪಾರಿವಾಳದ ಮೊಟ್ಟೆ ನಾನು ಸಾಗಿಸಿದ್ದು

ಪಾರಿವಾಳದ ಮೊಟ್ಟೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವ ವಿಚಾರದಲ್ಲಿ ನನಗೆ ತಿಳಿಯದ್ದು ಯಾವುದೂ ಇರಲಿಲ್ಲ. ಒಂದು ಸಲವೂ ಸಾಗಿಸಿರಲಿಲ್ಲ, ಅಷ್ಟೇ.

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಪಾರಿವಾಳ ಸಾಕುವವರ ವಿಡಿಯೋ ನೋಡುತ್ತೇನೆ. ಗಿರಾಕಿಗಳಿದ್ದಾಗಲೂ ನೋಡುತ್ತೇನೆ ಎಂಬುದು ನನ್ನ ಹೆಂಡತಿ ಸರೋಜಳ ಆರೋಪ. ಎರಡು ವರ್ಷದಿಂದ ತಾರಸಿಯ ಮೇಲೆ ಮೂರು ಜೋಡಿ ಸಾಕಿದ್ದೇನೆ. ಕಾಳು ಹಾಕುವುದು, ನೀರಿಡುವುದು, ಗೂಡು ತೊಳೆಯುವುದು ಸರೋಜ. ಜ್ಞಾನ ನನ್ನದು.

ಆದರೆ ನಮ್ಮ ನೆಂಟರಲ್ಲಿ ಪಾರಿವಾಳದ ಮನುಷ್ಯ ಅಂತ ಯಾರಾದರೂ ಇದ್ದರೆ ಅದು ಅವಳ ಅಣ್ಣ ನಾರಾಯಣಪ್ಪ. ಚಿನ್ನದ ಗಣಿಯ ಮೈಸೂರು ಮೈನ್ಸ್‌ನಲ್ಲಿ, ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಒಬ್ಬರೇ ಇದ್ದಾರೆ, ಒಂದು ಕಾರ್ಖಾನೆಯಲ್ಲಿ ಕಾವಲು ಕೆಲಸ. ಅವರಪ್ಪ, ಅಂದರೆ ನನ್ನ ಮಾವ, ಗಣಿ ನಡೆಯುತ್ತಿದ್ದ ಕಾಲದಲ್ಲಿ ಶಿಫ್ಟ್ ಮುಗಿಸಿ ಬಂದು ಮುಖ ತೊಳೆಯುವ ಮೊದಲು ಪಾರಿವಾಳದ ಗೂಡಿಗೆ ಹೋಗುತ್ತಿದ್ದರಂತೆ. ಪಂದ್ಯದ ಪಾರಿವಾಳ. ಗಣಿ ಮುಚ್ಚಿತು, ಮಾವನೂ ಹೋದರು, ಅವರ ತಳಿಯಲ್ಲಿ ಒಂದೇ ಒಂದು ಹೆಣ್ಣು ಉಳಿಯಿತು. ಭಾವ ಅದನ್ನು ಮುದುಕಿ ಎಂದೇ ಕರೆಯುವುದು.

ಸಂಕ್ರಾಂತಿ ಕಳೆದ ವಾರ ಮುದುಕಿ ಮೊಟ್ಟೆ ಇಟ್ಟಿತು. ಅದರ ಕಾಲಲ್ಲಿ ಈಗ ಬಲವಿಲ್ಲ; ಹಿಂದಿನ ಸಲ ತನ್ನ ಮೊಟ್ಟೆಯನ್ನು ತಾನೇ ತುಳಿದು ಒಡೆದುಹಾಕಿತ್ತು. ಈ ಸಲ ಬೇರೆ ಜೋಡಿಯ ಕೈಲಿ ಕಾವು ಕೊಡಿಸಬೇಕು. ಆ ಜೋಡಿಯೂ ಅದೇ ಹೊತ್ತಿಗೆ ಮೊಟ್ಟೆ ಇಟ್ಟಿರಬೇಕು, ಇಲ್ಲದಿದ್ದರೆ ಮರಿ ಹೊರಬರುವ ಹೊತ್ತಿಗೆ ಸಾಕುವ ಹಕ್ಕಿಗಳ ಗಂಟಲಲ್ಲಿ ಮರಿಗೆ ಉಣಿಸುವ ಹಾಲು ಊರಿರುವುದಿಲ್ಲ. ನಮ್ಮ ತಾರಸಿಯ ಒಂದು ಜೋಡಿ ಆ ವಾರವೇ ಮೊಟ್ಟೆ ಇಟ್ಟಿತ್ತು. ಭಾವ ಫೋನ್ ಮಾಡಿದರು.

"ಇದೇ ಕಡೇದು ಕಣಪ್ಪ ಮುನಿರಾಜು. ಮುದುಕಿ ಇನ್ನು ಇಕ್ಕಲ್ಲ. ಈ ಎರಡೂ ಕೆಟ್ಟೋದ್ರೆ ಅಪ್ಪನ ಕಾಲದ್ದು ಅಲ್ಲಿಗೆ ಮುಗೀತು."

ಸರೋಜ ತಾನೇ ಹೋಗಿ ತರುತ್ತೇನೆ ಎಂದಳು. ಇದು ಸೊಪ್ಪು ತಂದಂತಲ್ಲ, ತಿಳಿದವರು ಹೋಗಬೇಕು ಎಂದು ನಾನು ತಡೆದೆ. ಭಾವ ಬೆಳಗಿನ ಶಿಫ್ಟಿಗೆ ಹೊರಡುವವರು, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರುತ್ತೇನೆ ಎಂದರು. ಮೊಟ್ಟೆ ಎಲ್ಲಿಟ್ಟಿದ್ದೇನೆ ಅಂದರೆ, ಎಂದು ಶುರು ಮಾಡಿದರು. ನಾನು ಮಧ್ಯದಲ್ಲೇ ತಡೆದು, ಭಾವ, ಮೊಟ್ಟೆ ಎಲ್ಲಿರುತ್ತೆ ಅಂತ ನನಗೂ ಹೇಳಿಕೊಡಬೇಕಾ ಎಂದು ನಕ್ಕು ಫೋನ್ ಇಟ್ಟೆ. ಮೊಟ್ಟೆ ಗೂಡಿನಲ್ಲಿರುತ್ತದೆ. ಇದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು!

ಮರುದಿನ ಬೆಳಗ್ಗೆ ಹೋಗಿ ನೋಡಿದೆ. ಗೂಡಿನಲ್ಲೇ ಇದ್ದವು. ಮುದುಕಿ ಎರಡು ಮೊಟ್ಟೆಗಳ ಮೇಲೆ ಗಂಭೀರವಾಗಿ ಕೂತಿತ್ತು. ಭಾವನ ಬಗ್ಗೆ ನನಗೆ ಸ್ವಲ್ಪ ಬೇಸರವಾಯಿತು. ಕಾವು ಬೀಳದ ಮೊಟ್ಟೆಯನ್ನು ತಂಪಿನಲ್ಲಿ ಇಟ್ಟರೆ ವಾರದ ತನಕ ಕೆಡದೆ ನಿದ್ದೆ ಮಾಡುತ್ತಿರುತ್ತದೆ. ಒಂದು ಸಲ ಕಾವು ಬಿತ್ತೋ, ಆಮೇಲೆ ತಣ್ಣಗಾಗಬಾರದು. ಇಷ್ಟು ವರ್ಷದ ಅನುಭವಸ್ಥರು ಇಷ್ಟೂ ತಿಳಿಯದೆ ಮುದುಕಿಯನ್ನು ಕೂರಿಸಿಬಿಟ್ಟಿದ್ದಾರಲ್ಲ! ಇರಲಿ, ನಾನಿದ್ದೇನೆ. ಎರಡನ್ನೂ ಹತ್ತಿಯಲ್ಲಿ ಸುತ್ತಿ, ಸರೋಜಳ ಬಳೆ ಡಬ್ಬಿಯಲ್ಲಿಟ್ಟು, ಸ್ವೆಟರ್ ಒಳಗೆ ಹೊಟ್ಟೆಗೆ ಒತ್ತಿಕೊಂಡೆ.

ಮೇಜಿನ ಮೇಲೆ ಒಂದು ರಾಗಿ ಡಬ್ಬವಿತ್ತು. ಸುಗ್ಗಿಯಾದ ಮೇಲೆ ತಂಗಿಗೆ ಹೊಸ ರಾಗಿ ಕಳಿಸುವುದು ಭಾವನ ಪದ್ಧತಿ. ಅದನ್ನೂ ಎತ್ತಿಕೊಂಡೆ.

ಮಾರಿಕುಪ್ಪಂನಲ್ಲಿ ರೈಲು ಹೊರಡುವಾಗ ಸೀಟು ಸಿಕ್ಕಿತು. ಊರಿಗಾಂ ಬರುವಷ್ಟರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಜನ ಬೋಗಿ ತುಂಬಿಕೊಂಡರು. ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಕೂತೆ. ಎದುರಿನವರೊಬ್ಬರು ಮರುಕಪಟ್ಟು ಜೇಬಿನಿಂದ ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಟ್ಟರು. ವಿವರಿಸಲು ಹೋದರೆ ನೋಡಲು ಜನ ಮುಗಿಬಿದ್ದು ತಳ್ಳಾಟವಾದೀತೆಂದು ಸುಮ್ಮನೆ ನುಂಗಿದೆ. ದಪ್ಪಗಿನ ಒಬ್ಬ ಹೆಂಗಸು ನಿಲ್ಲಲಾಗದೆ, ಕಾಲ ಬಳಿಯ ಡಬ್ಬದ ಮೇಲೆ ಕೂರಲೇ ಎಂದು ಕೇಳಿದರು. ರಾಗಿಗೇನಾಗುತ್ತೆ, ಧಾರಾಳವಾಗಿ ಕೂರಿ ಎಂದೆ. ಅವರು ಧಾರಾಳವಾಗಿಯೇ ಕೂತರು.

ಬಂಗಾರಪೇಟೆ ಬಂತು. ಇಳಿಯುವವರಿಗಿಂತ ಹತ್ತುವವರು ಹೆಚ್ಚು. ಮೊಟ್ಟೆಗೆ ಯಾರ ಮೊಣಕೈಯಾದರೂ ತಗುಲೀತೆಂದು, ಎಲ್ಲರೂ ಹತ್ತಿ ಮುಗಿಯಲಿ ಎಂದು ತಾಳ್ಮೆಯಿಂದ ಕಾದೆ. ಎಲ್ಲರೂ ಹತ್ತಿ ಮುಗಿಯಿತು. ರೈಲು ಹೊರಟಿತು. ನನ್ನ ಮನೆಯ ತಾರಸಿ ಕಿಟಕಿಯಲ್ಲಿ ಹಿಂದೆ ಹೋಯಿತು.

ಟೇಕಲ್‌ನಲ್ಲಿ ಇಳಿದು ಬಸ್ಸು ಹಿಡಿದೆ. ಸಾಮಾನು ದಾರಿಗಡ್ಡ ಎಂದು ಕಂಡಕ್ಟರು ರಾಗಿ ಡಬ್ಬವನ್ನು ಎಳೆದುಕೊಂಡು ಹೋಗಿ ಡ್ರೈವರ್ ಹಿಂದೆ ಇಟ್ಟರು. ಪ್ರತಿ ರಸ್ತೆಯುಬ್ಬಿಗೂ ಅದು ದಡ್ ಎಂದು ಕುಣಿಯುತ್ತಿತ್ತು. ನಾನು ಪ್ರತಿ ಉಬ್ಬಿಗೂ ಸೀಟಿನಿಂದ ಅರ್ಧ ಎದ್ದು ನಿಂತು ನನ್ನ ಹೊಟ್ಟೆಯನ್ನು ಕಾಪಾಡಿದೆ.

ಮನೆ ತಲುಪಿದವನೇ ಡಬ್ಬವನ್ನು ಅಡುಗೆಮನೆ ಬಾಗಿಲಲ್ಲಿ ಕುಕ್ಕಿ, ಕಿಟಕಿಗಳನ್ನು ಮುಚ್ಚಿಸಿ, ಟಾರ್ಚ್ ತರಿಸಿದೆ. ಶಾಸ್ತ್ರ ಹೀಗಿದೆ: ಹೊಸ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ, ಮರಿ ತುಂಬಿಕೊಂಡರೆ ಕಪ್ಪಗೆ ಕಾಣುತ್ತದೆ. ನನ್ನವು ಎರಡೂ ಕಗ್ಗಪ್ಪು. ಬೆಳಕು ಒಂದು ಚೂರೂ ಒಳಗೆ ಇಳಿಯಲಿಲ್ಲ.

"ಮರಿ ಬಲಿತುಬಿಟ್ಟಿದೆ. ನಾಳೆ ನಾಡಿದ್ದರಲ್ಲಿ ಹೊರಗೆ ಬರುತ್ತೆ," ಎಂದು ಘೋಷಿಸಿದೆ.

"ಮೊನ್ನೆ ಇಟ್ಟಿದ್ದಲ್ವಾ?" ಎಂದಳು ಸರೋಜ.

"ಪಂದ್ಯದ ತಳಿ. ವೇಗ ಜಾಸ್ತಿ."

ಅವಳು ಮೊರ ತೆಗೆದುಕೊಂಡು ರಾಗಿ ಡಬ್ಬದ ಕಡೆ ಹೋದಳು. ಆಗ ಫೋನ್ ಬಂತು. ಭಾವ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದರು.

"ಮುದುಕಿ ಗೂಡೆಲ್ಲಾ ಕೆದಕ್ಕೊಂಡು ಉಡುಕ್ತಾ ಐತೆ. ಮರದ ಮೊಟ್ಟೆ ಯಾಕಪ್ಪ ಎತ್ಕೊಂಡೋದೆ?"

ವಿಷಯ ಇಷ್ಟು. ಮೊಟ್ಟೆ ಇಟ್ಟ ಕೂಡಲೇ ತೆಗೆದು, ಅದರ ಜಾಗದಲ್ಲಿ ಮರದ ಮೊಟ್ಟೆ ಇಡುವುದು ಪಾರಿವಾಳದವರ ಹಳೇ ರೂಢಿ. ಹಕ್ಕಿ ಅದರ ಮೇಲೆ ಕೂತು ಮೈಗೆ ವಿಶ್ರಾಂತಿ ಕೊಡುತ್ತದೆ, ಮತ್ತೆ ಮೊಟ್ಟೆ ಇಡಲು ಆತುರಪಡುವುದಿಲ್ಲ. ಭಾವನ ಮರದ ಮೊಟ್ಟೆಗಳನ್ನು ಮಾವನ ಕಾಲದ ಬಡಗಿಯೊಬ್ಬರು ಕಡೆದು ಸುಣ್ಣದ ಬಣ್ಣ ಕೊಟ್ಟಿದ್ದರು. ಹೆತ್ತ ತಾಯಿಯೇ ಮೋಸ ಹೋದ ಮೇಲೆ ನನ್ನದೇನು ದೊಡ್ಡದು? ಆದರೆ ಇದನ್ನು ಭಾವನ ಹತ್ತಿರ ಹೇಳುವ ಧೈರ್ಯ ಬರಲಿಲ್ಲ. ನಿಜವಾದದ್ದು ಎಲ್ಲಿ ಎಂದಷ್ಟೇ ಕೇಳಿದೆ.

"ರಾಗಿ ಡಬ್ಬದಾಗೆ. ತಂಪಾಗಿರ್ಲಿ ಅಂತ ರಾಗಿ ಮಧ್ಯೆ ಊತಿಕ್ಕಿದ್ದೆ."

ತಿರುಗಿ ನೋಡಿದೆ. ಸರೋಜ ಮುಚ್ಚಳ ತೆಗೆದು, ಹುಳ ಇದೆಯೇನೋ ಎಂದು ರಾಗಿಯೊಳಗೆ ಕೈ ಆಡಿಸುತ್ತಾ, ಮೆಲ್ಲಗೆ ಮೊರಕ್ಕೆ ಬಗ್ಗಿಸುತ್ತಿದ್ದಳು. ಅವಳ ಬೆರಳಿಗೆ ಆಗಲೇ ಏನೋ ತಗುಲಿತ್ತು. ಇನ್ನೊಂದು ನಿಮಿಷ ನಾನು ಸುಮ್ಮನಿದ್ದಿದ್ದರೆ ಎರಡನ್ನೂ ಕೈಯಲ್ಲಿ ಎತ್ತಿ ಇದೇನು ಎಂದು ಕೇಳುತ್ತಿದ್ದಳು. ಆ ಹೆಂಗಸಿನ ಭಾರಕ್ಕೆ, ಟೇಕಲ್ ರಸ್ತೆಯ ಉಬ್ಬುಗಳಿಗೆ ಜಗ್ಗದ ಮೊಟ್ಟೆಗಳು ಅವು. ನಾನು ಮಾತ್ರ ಅಯ್ಯಯ್ಯೋ ಎಂದು ಕೂಗಿ, ಎರಡೇ ಹೆಜ್ಜೆಯಲ್ಲಿ ಹಾರಿ, ಡಬ್ಬವನ್ನು ಕಿತ್ತುಕೊಂಡೆ. ಡಬ್ಬ ಹೊಸ್ತಿಲಿಗೆ ಬಡಿಯಿತು. ರಾಗಿ ಚೆಲ್ಲಿತು. ಬಿಳಿಯದೊಂದು ಉರುಳಿಬಂದು ನನ್ನ ಕಾಲ ಬಳಿಯೇ ಒಡೆಯಿತು.

ಸರೋಜ ಬೈಯಲಿಲ್ಲ. "ಅಪ್ಪಂದು," ಎಂದಳು, ಅಷ್ಟೇ. ಚೆಲ್ಲಿದ ರಾಗಿಯ ಮುಂದೆ ಕೂತು ಎರಡೂ ಕೈಯಿಂದ ಸರಿಸುತ್ತಾ ಹುಡುಕತೊಡಗಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು. ಎರಡನೆಯದು ರಾಗಿಯ ಗುಡ್ಡೆಯೊಳಗೆ ಸಿಕ್ಕಿತು. ಬಿರುಕಿರಲಿಲ್ಲ. ಭಾವ ಪೆನ್ಸಿಲಿನಲ್ಲಿ ಒಂದು ಕಡೆ ಗೀಟು, ಇನ್ನೊಂದು ಕಡೆ ಸೊನ್ನೆ ಬರೆದಿದ್ದರು, ದಿನಾ ಮಗ್ಗುಲು ಬದಲಿಸಿದ ಗುರುತಿಗೆ.

ಫೋನ್ ಇನ್ನೂ ಕೈಯಲ್ಲೇ ಇತ್ತು. ಭಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎಷ್ಟು ಹೋಯಿತು ಎಂದು ಕೇಳಿದರು. ಒಂದು ಎಂದೆ.

"ಇನ್ನೊಂದ್ನ ತಂಗಿ ಕೈಗೆ ಕೊಡು. ನೀನು ಮುಟ್ಬೇಡ."

ಸರೋಜ ಅದನ್ನು ಅರ್ಧ ದಿನ ನೆರಳಲ್ಲಿ ಅಲುಗಾಡಿಸದೆ ಇಟ್ಟಳು. ಸಂಜೆ ನಮ್ಮ ಜೋಡಿಯ ಗೂಡಿನ ಮೊಟ್ಟೆಗಳನ್ನು ತೆಗೆದು ಇದನ್ನಿಟ್ಟಳು. ನನಗೆ ತಾರಸಿ ಹತ್ತುವುದು ನಿಷೇಧವಾಯಿತು. ಐದನೇ ದಿನ ಅವಳು ಟಾರ್ಚ್ ಹಿಡಿದು ನೋಡಿ, ಒಳಗೆ ಕೆಂಪು ಎಳೆಗಳು ಕಾಣುತ್ತಿವೆ ಎಂದು ಮೇಲಿನಿಂದಲೇ ಹೇಳಿದಳು. ನಾನು ಕೆಳಗಿನ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ಹದಿನೆಂಟನೇ ದಿನ ಮರಿ ಬಂತು. ಭಾವ ರಜೆ ಹಾಕಿ ಬಂದು ನೋಡಿದರು. ಕೊಕ್ಕು ಅಪ್ಪನ ಹಕ್ಕಿಯದ್ದೇ ಎಂದು ತಂಗಿಗೆ ತೋರಿಸಿದರು. ಇಬ್ಬರೂ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಮೆಟ್ಟಿಲ ಮೇಲೆ.

ಸುದ್ದಿ ಭಾವನ ಮನೆ ಕಡೆಯ ಆಂಡರ್ಸನ್‌ಪೇಟೆಯ ಪಾರಿವಾಳದವರಿಗೆಲ್ಲ ಹರಡಿದೆ. ಯಾರಾದರೂ ಮೊಟ್ಟೆ ಸಾಗಿಸಬೇಕೆಂದರೆ ಈಗ ನನ್ನ ಅಂಗಡಿಗೇ ಫೋನ್ ಮಾಡುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು, ಎಷ್ಟು ದಿನದ ಮೊಟ್ಟೆ, ಕಾವು ಬಿದ್ದಿದೆಯಾ ಎಂದು ವಿಚಾರಿಸುತ್ತೇನೆ. ಆ ಕಡೆಯವರು ಮರ್ಯಾದೆಯಿಂದಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ.

"ಸರಿ ಅಣ್ಣ," ಎನ್ನುತ್ತಾರೆ. "ಅಕ್ಕ ಮನೇಲಿ ಅವ್ರಾ?"