ಬಾಣಗಾರ ಓಣಿಯ ಜಲವಾರ್ತಾ ಸಮರ

ಕೃತ, ತ್ರೇತಾ, ದ್ವಾಪರಗಳು ಸಂದು, ವಾರಕ್ಕೊಮ್ಮೆ ನಳದಲ್ಲಿ ನೀರು ಬರುವ ಈ ಕಲಿಯುಗದಲ್ಲಿ, ಬಾಣಗಾರ ಓಣಿಯನ್ನು ಪಾವನಗೊಳಿಸಲೆಂದೇ ಅವತರಿಸಿದ, ಸಕಲಯಂತ್ರತಂತ್ರವಿಶಾರದ, ಮೊಬೈಲಂಗಡಿಕುಲತಿಲಕ ಮಡಿವಾಳಪ್ಪ ಕುಬಸದನ ಪರಾಕ್ರಮವನ್ನು ಹೇಳುತ್ತೇನೆ. ಎಲೈ ವಾಗ್ದೇವಿಯೇ, ನಾಲಗೆಯ ಮೇಲೆ ನೆಲೆಸು. ಕೇಳುವವರು ಸುಮ್ಮನೆ ಕೇಳಿ, ನಡುವೆ ಬಾಯಿ ಹಾಕಬೇಡಿ.

ನೀರು ಬಂದ ಸುದ್ದಿಯನ್ನು ಆವರೆಗೆ ಓಣಿಗೆ ಸಾರುತ್ತಿದ್ದವಳು ಎದುರುಮನೆಯ ಮುದುಕಿ ಫಕೀರವ್ವ. ಕಟ್ಟೆಯ ಮೇಲೆ ನಿಂತು "ನೀರ ಬಂದಾವ್ರೇ!" ಎಂದು ಅವಳೊಮ್ಮೆ ಒದರಿದರೆ ಸಾಕು, ಓಣಿಗೆ ಓಣಿಯೇ ಕೊಡ ಹಿಡಿದು ಓಡುತ್ತಿತ್ತು. ಇಂಥ ಅನರ್ಘ್ಯ ವಾರ್ತೆ ಪುಕ್ಕಟೆ ಹೋಗುವುದನ್ನು ಕಂಡು ವೀರನ ಎದೆ ಬೆಂದಿತು. ಅವನು ಮನೆಮನೆಯ ನಳಕ್ಕೂ ನೀರನ್ನರಿಯುವ ಯಂತ್ರ ಕಟ್ಟಿ, ಎಲ್ಲವನ್ನೂ ಬ್ಲಾಕ್‌ಚೈನೆಂಬ ಅಭೇದ್ಯ ಶೃಂಖಲೆಯಲ್ಲಿ ಬಿಗಿದನು. ಎಲ್ಲ ಯಂತ್ರಗಳೂ ಹೌದೆಂದು ಸಾಕ್ಷಿ ನುಡಿದ ಮೇಲೆಯೇ ವಾರ್ತೆ ಸಿದ್ಧ. ಅಲ್ಲಿಯವರೆಗೆ ಯಾರೂ ನಳ ತಿರುವುವಂತಿಲ್ಲ. ಅವನಂಗಡಿಯಲ್ಲಿ ಕೊಂಡ ಟೋಕನ್ ತೆತ್ತವರ ಮೊಬೈಲಿಗಷ್ಟೇ ಅದು ಪ್ರಾಪ್ತ. ಫಕೀರವ್ವನೊಬ್ಬಳು ಮಾತ್ರ ಯಂತ್ರ ಕಟ್ಟಿಸಿಕೊಳ್ಳಲಿಲ್ಲ.

ನೀರು ಬರುವ ದಿನ ವೀರನು ಮೀಸೆ ತಿರುವಿ, ಅವಳ ಕಟ್ಟೆಯೆದುರು ಗರ್ಜಿಸಿದನು: "ಎವ್ವಾ, ಇವತ್ತ ನೀ ಒದರಬ್ಯಾಡ. ನನ್ನ ಸರಪಳಿಯೊಳಗ ಸುಳ್ಳಿಗೆ ಜಾಗಾ ಇಲ್ಲ. ಒಮ್ಮೆ ಬರದದ್ದನ್ನ ಬ್ರಹ್ಮ ಬಂದ್ರೂ ಅಳಸಾಕಾಗೂದಿಲ್ಲ!"

"ಆತಪಾ ತಮ್ಮಾ," ಎಂದಳು ಅಕ್ಕಿ ಆರಿಸುತ್ತಿದ್ದ ಫಕೀರವ್ವ. "ನನಗೂ ಗಂಟಲ ನೋವೈತಿ."

ಇಷ್ಟಕ್ಕೇ ಶತ್ರು ಶರಣಾದಳೆಂದು ಬಗೆದನಲ್ಲ, ಅಯ್ಯೋ ಮಂಕೇ!

ಇಳಿಜಾರಿನ ಕೆಳತುದಿಯಲ್ಲಿದ್ದ ವೀರನ ನಳವೇ ಮೊದಲು ಗುಳುಗುಟ್ಟಿತು. ಹೆಂಡತಿ ಶಾರವ್ವ ಬ್ಯಾರಲ್ ಉರುಳಿಸಿಕೊಂಡು ಬಂದಳು. ವೀರನು ಆಜಾನುಬಾಹುಗಳನ್ನು ಚಾಚಿ ಅಡ್ಡನಿಂತನು.

"ಮುಟ್ಟಬ್ಯಾಡ! ಈಗ ನಳಾ ತಗದ್ರ ಒತ್ತಡ ಇಳೀತೈತಿ, ಸಾಕ್ಷಿ ಕೆಡತೈತಿ!"

"ಸಾಕ್ಷಿ ಕುಡ್ಯಾಕ ಬರತೈತೇನ್ರೀ? ಮನ್ಯಾಗ ಹನಿ ನೀರಿಲ್ಲ. ಇದು ತಪ್ಪಿದ್ರ ಮುಂದಿನ ವಾರದ ತನಕಾ ಏನ ಮಾಡೂದು?"

ವೀರನು ಕದಲಲಿಲ್ಲ. ಮನೆಯೊಂದೊಂದರ ಯಂತ್ರವೂ ಸಾಕ್ಷಿ ನುಡಿಯುತ್ತ ಬಂತು. ದಿಬ್ಬದ ಮೇಲಿನ ಕಡೆಯ ಮನೆಗೆ ಮಾತ್ರ ನೀರು ಏದುಸಿರು ಬಿಡುತ್ತ ಹತ್ತಬೇಕಿತ್ತು. ಕೊನೆಗೂ ಹತ್ತಿತು. ಶೃಂಖಲೆ ಪೂರ್ಣವಾಗಿ ಮೊಬೈಲುಗಳೆಲ್ಲ ರಣಶಂಖಗಳಂತೆ ಮೊಳಗಿದವು. ಕೊಡ, ಹಂಡೆ, ಬಕೆಟ್ಟುಗಳ ಚತುರಂಗಬಲವು ನಳಗಳಿಗೆ ನುಗ್ಗಿತು. ವೀರನೂ ತನ್ನ ನಳ ತಿರುವಿದನು. ಓಣಿಯ ನಳಗಳೆಲ್ಲ ಸುಸ್ಸೆಂದವು. ನೀರು ಬಿಡುವ ಹೊತ್ತು ಮುಗಿದುಹೋಗಿತ್ತು.

"ನಿನ್ನ ಸರಪಳಿಗೆ ಬೆಂಕಿ ಹತ್ತಲಿ!" ಎಂದು ಓಣಿ ಹರಸಿತು. ನೀರು ಬಂದದ್ದಂತೂ ಸತ್ಯ. ಅದು ಆಚಂದ್ರಾರ್ಕವಾಗಿ ದಾಖಲಾಗಿದೆ.

ಫಕೀರವ್ವ ಮಾತ್ರ ನೀರು ಬಂದಾಗಲೇ ತನ್ನ ಪಾಡಿಗೆ ನಳ ತಿರುವಿ, ಹಂಡೆ ಹರವಿಗಳನ್ನೆಲ್ಲ ತುಂಬಿಕೊಂಡು ಕೂತಿದ್ದಳು. ಸಕಲಯಂತ್ರತಂತ್ರವಿಶಾರದನು ನಾಚಿ ನೀರಾಗಿ ಅವಳ ಬಾಗಿಲಿಗೆ ಹೋದನು.

"ಎವ್ವಾ, ಒಂದ ಕೊಡಾ ನೀರ ಕೊಡು. ಟೋಕನ್ ಕೊಡ್ತೇನಿ."

"ಟೋಕನ್ ನೀನ ಇಟ್ಕೋ. ತುಂಬಿದ ಕೊಡಾ ಒಯ್ಯಿ, ಸಂಜಿ ಒಳಗ ಖಾಲಿ ಕೊಡಾ ತಿರುಗಿ ತಂದು ಕೊಡು. ಹೋದ ತಿಂಗಳ ಸಾರ ಬಡಸಾಕ ಒಯ್ದ ಸವಟ ನಿನ್ನ ಹೇಣತಿ ಇನ್ನೂ ಕೊಟ್ಟಿಲ್ಲ."

"ಹೂಂ ಎವ್ವಾ," ಎಂದು ಆ ಮಹಾವೀರನು ಕೊಡವನ್ನು ಹೆಗಲಿಗೇರಿಸಿ, ತುಳುಕದಂತೆ ಮನೆಗೆ ಬಂದು, ಅಡುಗೆಮನೆ ಹೊಕ್ಕು ಸವಟ ಹುಡುಕತೊಡಗಿದನು.