ವಿಷಯ: ಹಾಡಿಗೆ ಅರ್ಥ ಹೇಳುವ ನಮ್ಮ ಸೋದರಮಾವ

ಮಾನ್ಯ ಓದುಗರೇ,

ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಸೋದರಮಾವನವರ ಕಿವಿಗೆ ಬಿದ್ದ ಯಾವ ಹಾಡೂ ಇಂದಿನವರೆಗೆ ಒಂದೇ ಅರ್ಥ ಇಟ್ಟುಕೊಂಡು ಉಳಿದುಕೊಂಡಿಲ್ಲ! ಕಚೇರಿಯ ಕುರ್ಚಿಯಲ್ಲಿ ಕುಳಿತು ಪತ್ರಗಳನ್ನಷ್ಟೇ ಬರೆದು ರೂಢಿಯಿರುವ ನನಗೆ ಪ್ರಬಂಧ ಇದೇ ಮೊದಲು. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಆ ಕುರ್ಚಿ ದೊರೆತದ್ದೂ ಮಾವನವರಿಂದಲೇ. ಹೇಗೆಂಬುದನ್ನು ಕೆಳಗೆ ನಿವೇದಿಸಿದೆ.

ಸದರಿ ಮಾವನವರು ನಮ್ಮ ಸೀಮೆಯ ವಿಜಯಪುರದಲ್ಲಿ ರೇಷ್ಮೆ ಬಿಚ್ಚುವವರು. ಗೂಡಿನಿಂದ ನೂಲು ತೆಗೆಯುವುದು ಅವರ ಕಸುಬು. ಹಾಡಿನಿಂದ ಗೂಢಾರ್ಥ ತೆಗೆಯುವುದು ಅವರ ಚಟ. ನೂಲಾದರೂ ಒಂದು ಹಂತದಲ್ಲಿ ಮುಗಿಯುತ್ತದೆ, ಅರ್ಥ ಮುಗಿಯುವುದುಂಟೇ? ಇಂಥ ಹಾಡಿನ ಅರ್ಥವೇನೆಂದು ಅವರನ್ನು ಯಾರಾದರೂ ಕೇಳಿದ ದಾಖಲೆ ಇಲ್ಲ. ಕೇಳುವಷ್ಟು ಕಾಲಾವಕಾಶವನ್ನು ಅವರು ಯಾರಿಗೂ ಕೊಟ್ಟಿಲ್ಲ.

ಒಮ್ಮೆ ದೊಡ್ಡಬೆಳವಂಗಲದ ಬಸ್ಸಿನಲ್ಲಿ ಪಂಜರದ ಹಕ್ಕಿಯ ಕುರಿತ ಹಾಡೊಂದು ಬರುತ್ತಿತ್ತು. ಚಾಲಕರಿಗೆ ಸಂಸಾರದಲ್ಲಿ ಬೇಸರ ಹುಟ್ಟಿದೆ ಎಂದು ತೀರ್ಮಾನಿಸಿದ ಮಾವನವರು ದಾರಿಯುದ್ದಕ್ಕೂ ಅವರಿಗೆ ಧೈರ್ಯ ಹೇಳಿದರು. ಕೊನೆಗೆ ಚಾಲಕರು, "ಪೆನ್‌ಡ್ರೈವು ಕಂಡಕ್ಟರ್‌ದು ಯಜಮಾನ್ರೇ" ಎಂದರು. ಮಾವನವರು ಎದ್ದು ಕಂಡಕ್ಟರರ ಬಳಿಗೆ ಹೋದರು!

ನಂಟರ ಮದುವೆಯೊಂದರಲ್ಲಿ ಹೆಂಗಸರು ಬೀಗರನ್ನು ಗೇಲಿ ಮಾಡುವ ಹಾಡು ಹೇಳುತ್ತಿದ್ದರು. ಬೀಗರು ತಲೆದೂಗಿ ನಗುತ್ತಿದ್ದರು. ಮಾವನವರು ಪಕ್ಕದಲ್ಲಿ ಕುಳಿತು ಒಂದೊಂದು ಸಾಲಿಗೂ ಅರ್ಥ ಬಿಡಿಸಿದ ತರುವಾಯ ಬೀಗರು ನಗಲಿಲ್ಲ. ಊಟಕ್ಕೂ ಏಳಲಿಲ್ಲ.

ಹಾಗೆಂದು ಗಂಡಿನವರು ನನ್ನನ್ನು ನೋಡಲು ಬರುವ ಶಾಸ್ತ್ರಕ್ಕೆ ಸೋದರಮಾವನನ್ನು ಕರೆಯದೆ ಇರಲಾದೀತೇ? ಬಾಯಿ ತೆರೆಯಕೂಡದೆಂಬ ಷರತ್ತಿನ ಮೇಲೆ ಅಮ್ಮ ತನ್ನ ಅಣ್ಣನನ್ನು ಕರೆಸಿದ್ದಳು. ಆಗ ನಾನು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೆ. ಮೂರು ತಿಂಗಳು ಬಾಕಿಯಿತ್ತು. ಅರಿಶಿನಕುಂಟೆಯ ಗಂಡಿನವರಾದರೋ ಓದಿದ್ದು ಸಾಕು, ಬರುವ ತಿಂಗಳೇ ಮದುವೆಯಾಗಲಿ ಎಂದಿದ್ದರು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಹಾಡು ಹೇಳೆಂದರು, ದೇವರ ದೀಪದ ಹಾಡೊಂದನ್ನು ತಲೆ ತಗ್ಗಿಸಿ ಹೇಳಿ ಮುಗಿಸಿದೆ.

ಮಾವನವರು ಗಂಟಲು ಸರಿಪಡಿಸಿಕೊಂಡರು. ಅಮ್ಮ ಕಣ್ಣು ದೊಡ್ಡದು ಮಾಡಿದಳು. ಪ್ರಯೋಜನವಾಗಲಿಲ್ಲ.

"ದೀಪ ಅಂದ್ರೆ ಓದು ಕಣ್ರಪ್ಪ. ಎಣ್ಣೆ ಇನ್ನೂ ಐತೆ, ಉರಿಯೋ ದೀಪ ಎತ್ಕೊಂಡು ಹೋಗ್ಬೇಡಿ ಅಂತಾವ್ಳೆ ಮಗು. ಪರೀಕ್ಷೆ ಆಗೋ ಗಂಟ ಮದ್ವೆ ಬ್ಯಾಡ ಅಂತ."

"ಹಂಗಾರೆ ಬತ್ತಿ ಯಾರು, ನಮ್ಮ ಹುಡ್ಗನಾ?" ಎಂದರು ಗಂಡಿನ ತಂದೆ.

ಮಾವನವರು ಅಲ್ಲವೆನ್ನಲಿಲ್ಲ.

ಗಂಡಿನವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಂದು ಮಾವನವರಿಗೆ ಬಯ್ಯದವರೇ ನಮ್ಮ ಮನೆಯಲ್ಲಿ ಇರಲಿಲ್ಲ. ಅಮ್ಮ ಒಂದು ವರ್ಷ ಅಣ್ಣನೊಂದಿಗೆ ಮಾತು ಬಿಟ್ಟಳು. ನಾನು ಪರೀಕ್ಷೆ ಬರೆದೆ.

ನೇಮಕಾತಿ ಆದೇಶ ಕೈಸೇರಿದ ದಿನ ನೇರ ವಿಜಯಪುರಕ್ಕೆ ಹೋಗಿ, ಅಂದು ನನ್ನ ಮನಸ್ಸು ತಮಗೆ ತಿಳಿದದ್ದಾದರೂ ಹೇಗೆಂದು ಕೇಳಿದೆ.

"ಹಾಡ್ನಾಗೇನೂ ಇರ್ಲಿಲ್ಲ ಕಣವ್ವ" ಎಂದರು. "ಮಲ್ಲಿಗೆ ಹಿಂದೆ, ಜಡೇಲಿ ಪೆನ್ನು ಸಿಗಿಸ್ಕೊಂಡೇ ಬಂದಿದ್ದೆ ನೀನು. ಅಲ್ಲೀಗಂಟ ಓದ್ತಾ ಕೂತಿದ್ದೆ ಅಂತ ಗೊತ್ತಾಯ್ತು. ಅದ್ನ ಹೇಳಿದ್ರೆ ನಿನ್ನ ಬೈಯೋರು. ಹಾಡಿನ ಅರ್ಥ ಅಂದೆ, ನನ್ನ ಬೈದ್ರು."

ಬಿಸಿನೀರಿನಲ್ಲಿ ಗೂಡುಗಳು ಹೊರಳುತ್ತಿದ್ದವು. ಅಷ್ಟರಲ್ಲಿ ರೇಡಿಯೊದಲ್ಲಿ ಬೇರೊಂದು ಹಾಡು ಶುರುವಾಯಿತು. ಅವರು ಬಾಯಿ ತೆರೆಯುವ ಮೊದಲೇ, "ಇದರ ಅರ್ಥ ಏನು ಮಾವ?" ಎಂದು ಕೇಳಿದೆ.

ಮಾವನವರು ನೂಲು ಬಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ನನಗೊಂದು ಸ್ಟೂಲು ಎಳೆದು ಹಾಕಿದರು.