ಇಗ್ವಾನಾಗೆ ಒಯ್ದ ದಾಸವಾಳ

ಹೂವು ಕೊಯ್ದು, ಕಾರಿನಲ್ಲಿಟ್ಟು, ಕೊಟ್ಟು ಬರುವುದರಲ್ಲಿ ತಪ್ಪಾಗುವಂಥದ್ದೇನಿದೆ? ನಾನಂತೂ ಹಾಗೆಯೇ ತಿಳಿದಿದ್ದೆ.

ಇಲ್ಲಿ ಪರದೇಶದಲ್ಲಿ, ಸ್ಕ್ರಿಪ್ಸ್ ರ್ಯಾಂಚ್ ಎಂಬ ಬಡಾವಣೆಯ ನಮ್ಮ ಹಿತ್ತಲಲ್ಲಿ ನನ್ನ ಹೆಂಡತಿ ಸುಮಿತ್ರಾ ದಾಸವಾಳ ಬೆಳೆಸಿದ್ದಳು. ಔಷಧಿ ಹೊಡೆಯದ ಆ ಹೂವುಗಳನ್ನು ಪ್ರತಿ ಶನಿವಾರ ಒಂದು ಸಂರಕ್ಷಣಾ ಕೇಂದ್ರಕ್ಕೆ ಕೊಟ್ಟು ಬರುತ್ತಿದ್ದಳು. ಅಲ್ಲಿ ಫಿಜಿ ದ್ವೀಪದ ಕಾಡಿನ ಹಸಿರು ಇಗ್ವಾನಾಗಳಿವೆ. ನಮ್ಮ ಓತಿಕ್ಯಾತನ ಶ್ರೀಮಂತ ನೆಂಟರು ಎನ್ನಬಹುದು. ಅವುಗಳ ಕಾಡನ್ನು ಬೆಂಕಿ ಒಂದಷ್ಟು, ಆಡುಗಳು ಒಂದಷ್ಟು ಮುಗಿಸಿವೆ. ಅಲ್ಲಿ ಅವು ಇನ್ನೆಷ್ಟು ಕಾಲವೋ ಯಾರಿಗೂ ಗೊತ್ತಿಲ್ಲ. ದಾಸವಾಳವೆಂದರೆ ಅವಕ್ಕೆ ಪ್ರಾಣ.

ಸುಮಿತ್ರಾ ತೀರಿಕೊಂಡ ಮೇಲೆ ಅವಳ ಹೆಸರಿನಲ್ಲಿ ಮಾಡಲು ನನಗೆ ಉಳಿದ ಕೆಲಸ ಅದೊಂದೇ. ಅದು ನಿಲ್ಲಬಾರದು ಎಂದು ನಿಶ್ಚಯಿಸಿದೆ.

ಬುಟ್ಟಿ ಹಿಡಿದು ಹೊರಟಾಗ ಪಕ್ಕದ ಮನೆಯ ಧಾರವಾಡದ ಶಾಂತಕ್ಕ ತಡೆದರು.

"ಹಂಗ ಒಯ್ತೀರೇನ್ರೀ? ಮೊದ್ಲ ಆಕಿ ಫೋಟೋದ ಮುಂದ ಇಡ್ರಿ. ಮುತ್ತೈದಿಯಾಗಿ ಹೋದಾಕಿ, ಕುಂಕುಮಕ್ಕ ಜಿಪುಣತನ ಮಾಡಬ್ಯಾಡ್ರಿ!"

"ಇದು ಹಲ್ಲಿಗಳಿಗೆ ಕೊಡೋ ಹೂವು, ಶಾಂತಕ್ಕ."

"ಹಲ್ಲಿಗೂ ಪ್ರಸಾದ ಸಿಗಲಿ ಬಿಡ್ರಿ. ಪುಣ್ಯಾ ಮಾಡ್ಯಾವ!"

ಬುಟ್ಟಿಯನ್ನು ಫೋಟೋದ ಮುಂದಿಟ್ಟು ಕುಂಕುಮ ಹಾಕಿದೆ, ಜಿಪುಣತನ ಮಾಡಲಿಲ್ಲ. ಕೆಂಪು ಹೂವಿನ ಮೇಲೆ ಕೆಂಪು ಕುಂಕುಮ. ಯಾರಿಗೂ ಕಾಣುವಂತಿರಲಿಲ್ಲ!

ಕೇಂದ್ರದಲ್ಲಿ ಇಗ್ವಾನಾಗಳನ್ನು ನೋಡಿಕೊಳ್ಳುವ ಮಾರಿಯಾ ನನ್ನ ಕೈ ಹಿಡಿದುಕೊಂಡು ಅತ್ತಳು. ಅಳುವಿನ ನಡುವೆ ಹೂವು ತೊಳೆಯುವುದನ್ನು ಮರೆತಳು. ಮೊಟ್ಟೆಯಿಡಲಿದ್ದ ಹೆಣ್ಣು ಇಗ್ವಾನಾದ ಮುಂದೆ ನಾಲ್ಕು ಹೂವುಗಳನ್ನು ಇಟ್ಟಳು. ಅದು ನಿಧಾನವಾಗಿ, ಮರ್ಯಾದೆಯಿಂದ ತಿಂದಿತು. ಸುಮಿತ್ರಾ ಇದನ್ನು ನೋಡಬೇಕಿತ್ತು ಎಂದುಕೊಂಡೆ.

ಆಮೇಲೆ ಅದು ತಲೆಯೆತ್ತಿತು. ಬಾಯಿಯ ಸುತ್ತ ಕೆಂಪು!

"ಬ್ಲಡ್!" ಎಂದು ಮಾರಿಯಾ ಕೂಗಿದಳು. ಡಾಕ್ಟರು ಓಡಿ ಬಂದರು. ನಾನೂ ಗಾಬರಿಯಿಂದ ರಾಘವೇಂದ್ರ ಸ್ವಾಮಿಗಳಿಗೆ ಹರಕೆ ಹೊತ್ತೆ. ಡಾಕ್ಟರು ಹತ್ತಿಯಿಂದ ಅದರ ಬಾಯಿ ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ಇದು ಪೌಡರ್. ಏನಿದು ಸರ್?"

ಆಗ ನನಗೆ ಹೊಳೆಯಿತು.

"ಅದು... ಮಂಗಳದ್ರವ್ಯ," ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ವಿವರಿಸಿದೆ.

"ತಿನ್ನೋದಾ?"

"ಇಲ್ಲ. ಹಣೆಗೆ ಹಚ್ಚೋದು."

ಡಾಕ್ಟರು ಇಗ್ವಾನಾವನ್ನು ಎತ್ತಿಕೊಂಡು ಒಳಗೆ ಹೋದರು. ಖಾಲಿಯಾಗದ ಬುಟ್ಟಿ ನನ್ನ ಕೈಗೆ ಬಂತು.

ಸಂಜೆ ಮಾರಿಯಾ ಫೋನ್ ಮಾಡಿದಳು. "ಅವಳು ಚೆನ್ನಾಗಿದ್ದಾಳೆ. ಆದರೆ ಇನ್ನು ಮೇಲೆ ಹೊರಗಿನ ಹೂವು ಯಾರಿಂದಲೂ ತಗೊಳ್ಳೋ ಹಾಗಿಲ್ಲವಂತೆ. ನಿಮ್ಮ ಹೆಂಡತಿಯ ಹೂವು ಅಂತ ಎಷ್ಟೋ ಹೇಳಿದೆ. ಸಾರಿ."

"ನೀವ್ಯಾಕೆ ಸಾರಿ ಹೇಳ್ತೀರಿ?" ಎಂದೆ.

ಗಿಡ ಈಗಲೂ ಮೈತುಂಬ ಹೂ ಬಿಡುತ್ತದೆ, ಅವು ಅಲ್ಲೇ ಮುದುಡಿ ಉದುರುತ್ತವೆ. ಅಪರೂಪದ ಜೀವಿಯೊಂದರ ಉಳಿವಿಗಾಗಿ ನನ್ನಿಂದಾಗುವ ಸೇವೆಯನ್ನು ಮಾತ್ರ ನಾನು ತಪ್ಪದೆ ಸಲ್ಲಿಸುತ್ತಿದ್ದೇನೆ. ಶನಿವಾರಗಳಂದು ಮನೆಯಲ್ಲೇ ಇರುತ್ತೇನೆ!